ನಮ್ಮತ್ತೆ ಮತ್ತು ಸಂವಿಧಾನದ ‘ನಾವು’

ನಮ್ಮ ಸೋದರತ್ತೆ ನಂಬುವಂಥ ವಸ್ತು ಈ ಭೂಮಿಯ ಮೇಲೆ ಇನ್ನೂ ತಯಾರಾಗಿಲ್ಲ! ಗೊರೇಬಾಳದಲ್ಲಿ ಆಟೋ ಹತ್ತಿದರೆ ಇಳಿಯುವವರೆಗೂ, “ಇದು ಸಿಂಧನೂರಿನ ದಾರಿನೇ ಹೌದಲ್ಲೋ?” ಎಂದು ಕೇಳುತ್ತಲೇ ಇರುತ್ತಾಳೆ. ಡಾಕ್ಟರು ಗುಳಿಗೆ ಕೊಟ್ಟರೆ, “ಮೊದಲ ನೀವೊಂದು ನುಂಗ್ರಿ” ಎಂದವಳು!

ಇಂಥವಳ ಕಣ್ಣು ಸಂವಿಧಾನವನ್ನು ಬಿಟ್ಟೀತೇ? ಗಣರಾಜ್ಯೋತ್ಸವದ ದಿನ ಶಾಲೆಯಲ್ಲಿ ಮಕ್ಕಳು ಅದರ ಪೀಠಿಕೆ ಓದಿ ಮುಗಿಸಿದ್ದೇ ತಡ, ಮಾಸ್ತರರನ್ನು ಅಡ್ಡಗಟ್ಟಿದಳು.

“ಮಾಸ್ತರ, ‘ನಾವು’ ಅಂತ ಓದಿದ್ರಲ್ಲ, ಅದ್ರಾಗ ನಾ ಅದೀನೇನ್ರಿ?”

“ಅದೀರಿ ಅಮ್ಮಾ, ಎಲ್ಲಾರೂ ಅದಾರ.”

“ಅದನ್ನ ಬರದಾಗ ನಾ ಹುಟ್ಟೇ ಇದ್ದಿಲ್ಲಲ್ರೀ!”

“ನಿಮ್ಮ ಪರವಾಗಿ ಬರದಾರ್ರಿ.”

“ನನ್ನ ಪರವಾಗಿ ಬರದೋರೆಲ್ಲಾ ಕಡೀಗೆ ನನ್ನ ಹೆಬ್ಬಟ್ಟೇ ಕೇಳ್ಯಾರ!”

“ಇದಕ್ಕ ಹೆಬ್ಬಟ್ಟು ಬ್ಯಾಡ್ರಿ. ಗಂಡಸು, ಹೆಂಗಸು ಎಲ್ಲಾರೂ ಸಮ ಅಂತ ಐತಿ, ಅಷ್ಟ.”

ಅತ್ತೆಯ ಅನುಮಾನ ಇಮ್ಮಡಿಸಿತು. ಪುಕ್ಕಟೆ ಸಿಗುವ ಸಮಾನತೆ! ಒಳಗೆ ಏನೋ ಇರಲೇಬೇಕು!

ನಮ್ಮ ಕಡೆ ಹೆಣ್ಣುಮಕ್ಕಳು ತವರಿನ ಹೊಲದ ಪಾಲು ಬಿಟ್ಟು ಒಂದು ಸೀರೆ ಉಟ್ಟು ಹೋಗುವುದು ವಾಡಿಕೆ. ಅದೇ ಬೇಸಿಗೆಯಲ್ಲಿ ನನ್ನಪ್ಪ ಮಸ್ಕಿಯಿಂದ ಒಳ್ಳೆಯ ಸೀರೆ ತಂದುಕೊಟ್ಟು, ತನ್ನಕ್ಕನನ್ನು, ಅಂದರೆ ಈ ಅತ್ತೆಯನ್ನು, ಸಿಂಧನೂರಿನ ನೋಂದಣಿ ಕಚೇರಿಗೆ ಕರೆದೊಯ್ದ. ಜೊತೆಗೆ ನಾನೂ ಇದ್ದೆ. ಪತ್ರ ಬರೆಯುವವರು ಓದಿದರು: “ನಾನು ಸಂತೋಷದಿಂದ ನನ್ನ ಹಕ್ಕು ಬಿಟ್ಟುಕೊಡುತ್ತೇನೆ.”

“ಈ ‘ನಾನು’ ಯಾರ್ರೀ?”

“ನೀವೇರೀ ಅಮ್ಮಾ.”

“ನನಗ ಸಂತೋಷ ಆಗೇತಿ ಅಂತ ನಿಮಗ್ಯಾರು ಹೇಳಿದ್ರು?”

ಅಪ್ಪ ಪಿಸುಗುಟ್ಟಿದ, “ಅಕ್ಕಾ, ಮಂದಿ ನೋಡಾಕತ್ತಾರ.”

“ನೋಡ್ಲಿ! ಸಮ ಅಂತ ಓದ್ತಾರಲ್ಲ, ಖರೇನೋ ಸುಳ್ಳೋ ಇವತ್ತ ನೋಡೇ ಬಿಡ್ತೀನಿ.”

ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಎದ್ದೇ ಹೋದಳು. ಸೀರೆ ಮಾತ್ರ ವಾಪಸು ಕೊಡಲಿಲ್ಲ!

ಅಪ್ಪ ಅಕ್ಕನ ಜೊತೆ ಮಾತು ಬಿಟ್ಟ. ಕಾಯ್ದೆಯಂತೆ ಪಾಲಾಯಿತು, ವಳಕಮದಿನ್ನಿಯಲ್ಲಿದ್ದ ತವರಿನ ಗದ್ದೆಯಲ್ಲಿ ಅರ್ಧ ಅವಳ ಹೆಸರಿಗೆ ಬಂತು. ಒಂದು ಮಧ್ಯಾಹ್ನ ಅತ್ತೆ ಬಿಸಿಲಲ್ಲಿ ನಡೆದುಬಂದು ನಮ್ಮ ಬಾಗಿಲಲ್ಲಿ ನಿಂತಳು.

“ಪಾಲು ಬಿಡಂಗಿಲ್ಲ. ನಿನ್ನೂ ಬಿಡಂಗಿಲ್ಲ. ಏನ್ ಮಾಡ್ತಿ ಮಾಡು.”

ಅಪ್ಪ ಒಳಗಿನಿಂದ ನೀರಿನ ತಂಬಿಗೆ ತಂದು ಅವಳ ಮುಂದಿಟ್ಟ. ಆಮೇಲೆ, “ಉಂಡೀಯೇನು?” ಎಂದ.

ಆ ಸಲ ಕಾಲುವೆಗೆ ನೀರು ಬಿಟ್ಟಾಗ ಅಪ್ಪ ಸಲಿಕೆ ಹಿಡಿದು ಮೊದಲು ಅಕ್ಕನ ಗದ್ದೆಗೆ ನೀರು ತಿರುಗಿಸಿದ. ಬದುವಿನ ಮೇಲಿದ್ದ ಅತ್ತೆ ಏನೂ ಕೇಳಲಿಲ್ಲ. ಇಳಿದುಹೋಗಿ, ತಮ್ಮನ ಬೆನ್ನಿಗೆ ಸಿಡಿದಿದ್ದ ಕೆಸರನ್ನು ಸೆರಗಿನಿಂದ ಒರೆಸಿದಳು.