ನಮ್ಮ ಹಾಲ್‌ನಲ್ಲಿ ಹರಿದ ಬೋರ್ನ್ ಬ್ರೂಕ್

ಹತ್ತು ವರ್ಷದಿಂದ ಬಹರೈನ್‌ನ ಚರಂಡಿಗಳಿಗೆ ಇಳಿಜಾರಿನ ಲೆಕ್ಕ ಹಾಕುತ್ತಿರುವ ಎಂಜಿನಿಯರ್ ನಾನು. ಒಂದು ಇಂಗ್ಲಿಷ್ ಹಳ್ಳ ನನಗೇನು ಮಹಾ!

ಐದನೇ ಕ್ಲಾಸಿನ ಮಗಳು ಅನ್ವಿಗೆ ಶಾಲೆಯಲ್ಲಿ ಕೊಟ್ಟ ಪ್ರಾಜೆಕ್ಟ್ ಬೋರ್ನ್ ಬ್ರೂಕ್, ಕೇಂಬ್ರಿಡ್ಜ್ ಕಡೆಯ ಪುಟ್ಟ ಹಳ್ಳ. ಎಲ್ಟಿಸ್ಲಿ ಎಂಬ ಹಳ್ಳಿಯ ಬಳಿ ಹುಟ್ಟಿ, ಹೊಲಗಳ ನಡುವೆ ಪೂರ್ವಕ್ಕೆ ಹರಿದು ಕ್ಯಾಮ್ ನದಿಗೆ ಸೇರುತ್ತದೆ. ಹೆಸರಿನ ಮೂಲ ಹುಡುಕಿದರೆ, ಹಳೆಯ ಇಂಗ್ಲಿಷಿನಲ್ಲಿ ಬೋರ್ನ್ ಎಂದರೂ ಹಳ್ಳ, ಬ್ರೂಕ್ ಎಂದರೂ ಹಳ್ಳ. ಇಷ್ಟು ಬರೆದಿದ್ದರೆ ಸಾಕಿತ್ತು.

"ರೀ, ಮಿಸ್ ಕೇಳಿರೋದು ಒಂದೇ ಪೇಜ್," ಎಂದಳು ಹೆಂಡತಿ ಸುಮಾ.

ಪೇಜಿನಲ್ಲಿ ನೀರು ಹರಿಯುತ್ತದೆಯೇ ಎಂದು ಕೇಳಿ ಅವಳ ಬಾಯಿ ಮುಚ್ಚಿಸಿದೆ.

ಶುಕ್ರವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಥರ್ಮೋಕೋಲ್ ಇಂಗ್ಲೆಂಡ್ ಸಿದ್ಧವಾಯಿತು. ಹಳ್ಳದ ಉಗಮಸ್ಥಾನ ಇಪ್ಪತ್ತು ಲೀಟರ್ ಬಕೆಟ್, ಒಳಗೆ ಮೀನಿನ ತೊಟ್ಟಿಯ ಪಂಪು. ಕ್ಯಾಮ್ ನದಿ ಎಂದರೆ ಸುಮಾಳ ಕೇಕ್ ಟ್ರೇ. ಅಲ್ಲಿಂದ ನೀರು ಬಕೆಟ್ಟಿಗೆ ಮರಳಲು ಒಂದು ಸಣ್ಣ ಪೈಪು. ಉದ್ಘಾಟನೆಗೆ ಪಕ್ಕದ ಫ್ಲ್ಯಾಟಿನ ಹಮೀದ್ ಭಾಯಿಯನ್ನು ಕರೆದೆ. ಸುರತ್ಕಲ್ ಕಡೆಯವರು, ಇಲ್ಲಿನ ಸಲ್ಮಾಬಾದ್‌ನಲ್ಲಿ ಎಲೆಕ್ಟ್ರಿಕಲ್ ಅಂಗಡಿ.

ಸ್ವಿಚ್ ಒತ್ತಿದರು. ಹಳ್ಳ ಹರಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹೆಸರಿನ ಮೂಲ ವಿವರಿಸತೊಡಗಿದೆ.

ಒಳಬರುವ ನೀರಿನ ಲೆಕ್ಕ ಹಾಕಿದ್ದೆ. ಹೊರಹೋಗುವುದರದ್ದು ಹಾಕಿರಲಿಲ್ಲ! ಕ್ಯಾಮ್ ಉಕ್ಕಿತು. ನೀರು ಮೇಜಿನಿಂದಿಳಿದು, ನಾನು ಕಟ್ಟಿಸಿದ ಯಾವ ಚರಂಡಿಯಲ್ಲೂ ಕಾಣದ ಶಿಸ್ತಿನಿಂದ, ಪಂಪಿಗೆ ಕರೆಂಟ್ ಕೊಡಲು ನೆಲದ ಮೇಲಿಟ್ಟಿದ್ದ ಎಕ್ಸ್‌ಟೆನ್ಶನ್ ಬಾಕ್ಸಿನತ್ತ ಸಾಗಿತು. ತೇಲಿಹೋಗುತ್ತಿದ್ದ ಕಾಗದದ ಚರ್ಚನ್ನು ಹಿಡಿಯಲು ಅನ್ವಿ ಬರಿಗಾಲಿನಲ್ಲಿ ಅದರ ಹಿಂದೆಯೇ ಹೊರಟಳು.

ನಾನಿನ್ನೂ ಹಳೆಯ ಇಂಗ್ಲಿಷಿನಲ್ಲಿದ್ದೆ.

ಹಮೀದ್ ಭಾಯಿ ಒಂದೇ ಕೈಯಲ್ಲಿ ಅವಳನ್ನು ಎತ್ತಿ ಸೋಫಾದ ಮೇಲೆ ನಿಲ್ಲಿಸಿದರು.

"ಸರ್, ಹಳ್ಳ ಅಲ್ಲಿರ್ಲಿ. ಮೈನ್ ಎಲ್ಲುಂಟು?"

ಸುಮಾ ಓಡಿಹೋಗಿ ಮೈನ್ ಸ್ವಿಚ್ ಇಳಿಸುವಷ್ಟರಲ್ಲಿ ಬಾಕ್ಸ್ ಚಟ್ ಎಂದಿತು. ಅನ್ವಿಯ ಪಾದ ನಿಂತಿದ್ದ ಜಾಗಕ್ಕೂ ಅದಕ್ಕೂ ಒಂದು ಗೇಣು. ಎಸಿ ನಿಂತ ಮನೆಯಲ್ಲಿ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಉಳಿಯಿತು.

ಬೈಯುತ್ತಾರೆಂದುಕೊಂಡೆ. ಹಮೀದ್ ಭಾಯಿ ನನ್ನ ತೋಳು ಹಿಡಿದು ಕುರ್ಚಿಗೆ ಕೂರಿಸಿದರು.

"ಮಗು ಸರಿ ಉಂಟಲ್ಲ, ಮತ್ತೆಂತ ಬೇಕು ಮಾರಾಯ್ರೆ."

ಅನ್ವಿ ಆ ಒಂದು ಪೇಜನ್ನು ಹತ್ತು ನಿಮಿಷದಲ್ಲಿ ಪೆನ್ಸಿಲಿನಲ್ಲಿ ಬರೆದಳು. ನನಗೆ ಮಾತ್ರ ಸೈಟಿನಲ್ಲಿ ನಿಂತಾಗಲೂ ಆ ಒದ್ದೆ ಪಾದ, ಆ ಒಂದು ಗೇಣು ಕಣ್ಣಿಗೆ ಬರುತ್ತದೆ.

ಕಳೆದ ತಿಂಗಳು ಅವಳಿಗೆ ಜ್ವಾಲಾಮುಖಿಯ ಪ್ರಾಜೆಕ್ಟ್ ಕೊಟ್ಟಿದ್ದರಂತೆ. ನನಗೆ ಗೊತ್ತಾದದ್ದು ಮಾರ್ಕ್ಸ್ ಬಂದ ಮೇಲೆ.