ನಾಲ್ಕು ಮಡಿಕೆಯ ಚೀಟಿ

ಹೊಟ್ಟೆಕಿಚ್ಚು ಬರಬೇಕಾದರೆ ಏನಾದರೂ ದೊಡ್ಡ ಕಾರಣ ಇರಬೇಕೆಂದು ನಾನು ಬಹಳ ದಿನ ನಂಬಿದ್ದೆ. ಪಕ್ಕದ ಮನೆಯವರು ಮಹಡಿ ಕಟ್ಟಿಸಿದಾಗ, ಕಚೇರಿಯಲ್ಲಿ ನನಗಿಂತ ಕಿರಿಯನಿಗೆ ಬಡ್ತಿ ಸಿಕ್ಕಾಗ ನನಗೆ ಏನೂ ಅನ್ನಿಸಲಿಲ್ಲ. ಸುಳ್ಳು, ಸ್ವಲ್ಪ ಅನ್ನಿಸಿತು, ಆದರೆ ಎರಡು ದಿನಕ್ಕೆ ಇಳಿದುಹೋಯಿತು. ಇಡೀ ಒಂದು ತಿಂಗಳು ಇಳಿಯದೆ ನನ್ನನ್ನು ಸುಟ್ಟ ಹೊಟ್ಟೆಕಿಚ್ಚು ಬಂದದ್ದು ನಲವತ್ತು ದಾಟಿದ, ತಲೆ ಅರ್ಧ ಬೋಳಾದ ರಂಗಸ್ವಾಮಿಯ ವಿಷಯದಲ್ಲಿ. ಅವನು ನನ್ನ ಬಾಲ್ ಬ್ಯಾಡ್ಮಿಂಟನ್ ಜೋಡಿ. ಅವನು ಇನ್ನೊಬ್ಬನ ಜೊತೆ ಆಡಿದ, ಅಷ್ಟೇ.

ಎಂಬತ್ತರ ದಶಕದ ಮಾತು. ವಿಜಯನಗರದಿಂದ ಮಾರೇನಹಳ್ಳಿಗೆ ಹೋಗುವ ಕಡೆ ಆಗಿನ್ನೂ ಖಾಲಿ ಸೈಟುಗಳಿದ್ದವು. ಅಂಥ ಒಂದು ಸೈಟಿನಲ್ಲಿ ನಾವು ಸುಣ್ಣದ ಗೆರೆ ಎಳೆದು, ಎರಡು ಕಂಬ ನೆಟ್ಟು, ಅದಕ್ಕೆ ಸಂಘ ಎಂದು ಹೆಸರಿಟ್ಟಿದ್ದೆವು. ನಾನು ಕಾರ್ಯದರ್ಶಿ. ಆಟದ ಬಲದಿಂದ ಆದದ್ದಲ್ಲ, ನನ್ನ ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ. ಒಂಬತ್ತು ವರ್ಷ ಪ್ರತಿದಿನ ಬೆಳಿಗ್ಗೆ ರಂಗಸ್ವಾಮಿ ಹಿಂದೆ, ನಾನು ಮುಂದೆ ನೆಟ್ಟಿನ ಹತ್ತಿರ ನಿಂತು ಆಡಿದ್ದೇವೆ. ನಾನು ಬಿಟ್ಟ ಚೆಂಡುಗಳನ್ನೆಲ್ಲ ಅವನು ಓಡಿಬಂದು ಹೊಡೆಯುತ್ತಿದ್ದ. ಇದನ್ನು ನಾನು ಹೊಂದಾಣಿಕೆ ಎಂದು ಕರೆಯುತ್ತಿದ್ದೆ. ಸಂಘದ ಜೋಡಿ ಪಂದ್ಯದ ಕಪ್ಪನ್ನು ಮಾತ್ರ ಒಂದು ಸಲವೂ ಗೆದ್ದಿರಲಿಲ್ಲ.

ಆ ವರ್ಷ ಅಕ್ಟೋಬರಿನ ಕೊನೆಗೆ ಜಯದೇವ ಬಂದ. ಬ್ಯಾಂಕಿನವನು, ವರ್ಗವಾಗಿ ಬಂದವನು, ಎತ್ತರದ ಆಳು, ಎಡಗೈ ಆಟ. ಕಾಲಿಗೆ ಬೆಳ್ಳಗಿನ ಕ್ಯಾನ್ವಾಸ್ ಶೂ. ನಾವೆಲ್ಲ ಬರಿಗಾಲಲ್ಲಿ ಆಡುವವರು. ಒಂದು ದಿನ ನಾನು ನೆಗಡಿಯೆಂದು ಮನೆಯಲ್ಲಿ ಉಳಿದೆ. ಮರುದಿನ ಹೋಗಿ ನೋಡಿದರೆ ನನ್ನ ಜಾಗದಲ್ಲಿ ಜಯದೇವ ನಿಂತಿದ್ದ, ರಂಗಸ್ವಾಮಿ ಹಿಂದಿನಿಂದ ಏನೋ ಹೇಳಿ ನಗುತ್ತಿದ್ದ. ಒಂಬತ್ತು ವರ್ಷದಲ್ಲಿ ನನ್ನ ಜೊತೆ ಆಡುವಾಗ ಅವನು ನಕ್ಕ ನೆನಪಿಲ್ಲ. ಏದುಸಿರು ಬಿಡುವುದರಲ್ಲಿ ಅವನಿಗೆ ನಗಲು ಪುರುಸೊತ್ತು ಸಿಗುತ್ತಿರಲಿಲ್ಲವೆನ್ನುವುದು ಆಗ ನನಗೆ ಹೊಳೆಯಲಿಲ್ಲ.

"ಇವತ್ತೊಂದಿನ ಕೂತ್ಕೋ ಮೂರ್ತಿ, ನೆಗಡಿ ಪೂರಾ ಹೋಗ್ಲಿ" ಎಂದ ರಂಗಸ್ವಾಮಿ. ಆ ನೆಗಡಿ ಪೂರಾ ಹೋಯಿತೆಂದು ಅವನು ಒಂದು ವಾರವಾದರೂ ಒಪ್ಪಲಿಲ್ಲ.

ನವೆಂಬರ್ ಬಂತೆಂದರೆ ನಮ್ಮ ಸಂಘಕ್ಕೆ ತಿಂಗಳಿಡೀ ರಾಜ್ಯೋತ್ಸವ. ಒಂದನೆಯ ತಾರೀಕು ಬಾವುಟ ಹಾರಿಸುವುದರಿಂದ ಹಿಡಿದು ಕೊನೆಯ ಭಾನುವಾರದ ಜೋಡಿ ಪಂದ್ಯದವರೆಗೆ ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆಯುವವನು ನಾನೇ. ಆ ತಿಂಗಳು ಏನೇನು ನಡೆಯಿತೆಂದು ಕೇಳಿದರೆ ನನಗೆ ನೆನಪಿರುವುದು ರಂಗಸ್ವಾಮಿ ಯಾರ ಪಕ್ಕ ಕೂತಿದ್ದ ಎನ್ನುವುದಷ್ಟೇ. ಬಾವುಟದ ದಿನ ಜಯದೇವನ ಪಕ್ಕ. ಕೇರಂನಲ್ಲಿ ಜಯದೇವನ ಎದುರು. ಬಿಸಿಬೇಳೆಬಾತಿನ ಪಂಕ್ತಿಯಲ್ಲಿ ತನ್ನ ಎಲೆಯ ಗೋಡಂಬಿ ಆರಿಸಿ ಅವನ ಎಲೆಗೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ. ನಿಧಾನ ಸೈಕಲ್ ಪಂದ್ಯದಲ್ಲೂ ಜಯದೇವನೇ ಗೆದ್ದ. ಎಲ್ಲರಿಗಿಂತ ಹಿಂದೆ ಉಳಿಯುವ ಆಟವದು, ನನ್ನ ಹುಟ್ಟುವಿದ್ಯೆ, ಅದರಲ್ಲೂ ಅವನು ನನ್ನನ್ನು ಸೋಲಿಸಿದ.

ನಾನೂ ಒಂದು ಜೊತೆ ಕ್ಯಾನ್ವಾಸ್ ಶೂ ಕೊಂಡೆ. ಅಂಗಳದಲ್ಲಿ ಹಾಕಿಕೊಂಡು ಕುಣಿದು ನೋಡುತ್ತಿದ್ದಾಗ ನನ್ನ ಹೆಂಡತಿ ಸರಸ್ವತಿ ಬಾಗಿಲಿಗೆ ಬಂದಳು. "ನಾನು ತಿಂಗಳಾನುಗಟ್ಲೆ ತೌರಲ್ಲಿದ್ದಾಗ್ಲೂ ಹಿಂಗೆ ಮುಖ ಸಣ್ಣಗೆ ಮಾಡ್ಕೊಂಡವರಲ್ಲ ನೀವು. ಆ ರಂಗಸ್ವಾಮಿಗೆ ಒಂದು ಕಾಗದ ಬರೆದುಬಿಡಿ, ನಾನೇ ಕೊಟ್ಟು ಬರ್ತೀನಿ" ಎಂದಳು. ಶೂ ಕಚ್ಚುತ್ತಿತ್ತು, ಆದರೂ ನಾನು ಬಿಚ್ಚಲಿಲ್ಲ.

ಕೊನೆಗೆ ಒಂದು ಉಪಾಯ ಹೊಳೆಯಿತು. ಕಮಿಟಿ ಸಭೆಯಲ್ಲಿ ಎದ್ದು ನಿಂತು, ಈ ಸಲ ಜೋಡಿಗಳನ್ನು ಚೀಟಿ ಎತ್ತಿ ಆರಿಸೋಣ, ಸಂಘದ ಐಕ್ಯಕ್ಕೆ ಒಳ್ಳೆಯದು ಎಂದೆ. ಅಧ್ಯಕ್ಷರಾದ ಚನ್ನಬಸಪ್ಪ ಮೇಷ್ಟ್ರಿಗೆ ಐಕ್ಯ ಎಂದರೆ ಪ್ರಾಣ. "ಒಳ್ಳೇದು. ಆದರೆ ಪಳಗಿದವರಿಗೆ ಒಬ್ಬೊಬ್ಬ ಪಳಗದವನು ಸಿಗ್ಬೇಕು. ಪಳಗದವರ ಹೆಸರು ಬರೆದು ಡಬ್ಬಿಗೆ ಹಾಕಿ, ಪಳಗಿದವರು ಬಂದು ಎತ್ಲಿ. ಯಾರು ಯಾವ ಕಡೆ ಅಂತ ಕಾರ್ಯದರ್ಶಿಗಳೇ ಬರ್ಕೊಂಡು ಬನ್ನಿ" ಎಂದರು. ರಂಗಸ್ವಾಮಿ, ಜಯದೇವ ಇಬ್ಬರನ್ನೂ ಪಳಗಿದವರ ಪಟ್ಟಿಗೆ ಹಾಕಿದರೆ ಅವರ ಜೋಡಿ ಮುರಿಯಿತು. ಇಲ್ಲಿಯವರೆಗೆ ಸಲೀಸು. ಆದರೆ ನನಗೆ ರಂಗಸ್ವಾಮಿ ಸಿಗಬೇಕಾದರೆ ನನ್ನ ಹೆಸರನ್ನು ನಾನೇ, ನನ್ನ ದುಂಡಗಿನ ಅಕ್ಷರದಲ್ಲಿ, ಪಳಗದವರ ಸಾಲಿಗೆ ಬರೆಯಬೇಕಿತ್ತು. ಎರಡು ದಿನ ಮಾನಕ್ಕೂ ಹೊಟ್ಟೆಕಿಚ್ಚಿಗೂ ಜಗಳ ನಡೆದು ಹೊಟ್ಟೆಕಿಚ್ಚು ಗೆದ್ದಿತು. ಪಟ್ಟಿ ಓದುವಾಗ ಯಾರಾದರೂ ಎದ್ದು, "ಮೂರ್ತಿಗಳು ಅಲ್ಲಿರೋದು ಸರಿಯಲ್ಲ" ಎಂದಾರೆಂದು ನನ್ನ ಹೆಸರಾದ ಮೇಲೆ ಸ್ವಲ್ಪ ನಿಲ್ಲಿಸಿದೆ. "ಮುಂದೆ ಓದಿ" ಎಂದರು ಮೇಷ್ಟ್ರು.

ಉಳಿದ ಚೀಟಿಗಳನ್ನು ಎರಡು ಮಡಿಕೆ ಮಾಡಿ, ನನ್ನದನ್ನು ನಾಲ್ಕು ಮಡಿಕೆ ಮಾಡಿದ್ದೆ. ಹಿಂದಿನ ದಿನವೇ ರಂಗಸ್ವಾಮಿಯ ಮನೆಗೆ ಹೋಗಿ ಅವನ ಕಿವಿಯಲ್ಲಿ, "ದಪ್ಪಗಿರೋದು ನಾನು" ಎಂದು ಹೇಳಿಬಂದಿದ್ದೆ. ಚೀಟಿ ಎತ್ತಲು ಮೊದಲು ಅವನನ್ನೇ ಕರೆದೆ. ಅವನು ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದ, ತಡಕಿದ, ಎತ್ತಿದ. ಎರಡು ಮಡಿಕೆ. ಅಂಚೆ ಕಚೇರಿಯ ಸೀತಾರಾಮು. ಮುಂದಿನವನು ಜಯದೇವ. ಯಾವುದಕ್ಕೂ ತಡಮಾಡದ ಆಸಾಮಿ, ಡಬ್ಬಿಯೊಳಗೆ ಬಹಳ ಹೊತ್ತು ಹುಡುಕಿ, ಹೊಲಿಗೆಯವನು ಬಟ್ಟೆಯ ದಪ್ಪ ನೋಡುವ ಹಾಗೆ ಒಂದೊಂದನ್ನೇ ಹಿಸುಕಿ, ನನ್ನನ್ನು ಎತ್ತಿದ.

ಭಾನುವಾರ ಜಯದೇವ ಒಬ್ಬನೇ ಇಬ್ಬರ ಆಟ ಆಡಿ ನಮ್ಮನ್ನು ಫೈನಲ್ಲಿಗೆ ತಂದ. ಎದುರಿಗೆ ರಂಗಸ್ವಾಮಿ ಮತ್ತು ಸೀತಾರಾಮು. ಎಡ ಸೊಂಟದ ಹತ್ತಿರ ಚೆಂಡು ಬಂದರೆ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆಂದು ಪ್ರಪಂಚದಲ್ಲಿ ಗೊತ್ತಿದ್ದವನು ರಂಗಸ್ವಾಮಿ ಒಬ್ಬನೇ. ಅವನು ಹೊಡೆದ ಚೆಂಡುಗಳೆಲ್ಲ ಅಲ್ಲಿಗೇ ಬಂದವು. ನಾವು ಸೋತೆವು. ಕಪ್ಪು ಹಿಡಿದು ನಿಂತ ಅವನ ಹತ್ತಿರ ಹೋಗಿ, ದಪ್ಪ ಚೀಟಿ ಕೈಗೆ ಸಿಗಲಿಲ್ಲವೇ ಎಂದು ಕೇಳಿದೆ.

"ಸಿಕ್ತು ಕಣೋ. ಅದನ್ನ ಬಿಟ್ಟು ಬೇರೆ ಎತ್ತಿದೆ. ಜಯದೇವಂಗೆ ಮೊದ್ಲೇ ಹೇಳಿದ್ದೆ, ದಪ್ಪ ಚೀಟೀಲಿ ಒಳ್ಳೇ ಆಟಗಾರ ಇದಾನೆ ಅಂತ. ಪಾಪ, ನಂಬಿದ" ಎಂದು ಕಪ್ಪನ್ನು ಟವೆಲಿನಿಂದ ಒರೆಸಿದ. "ಒಂಬತ್ತು ವರ್ಷ ಸೋತಿದೀನಿ ಮೂರ್ತಿ. ಒಂದ್ಸಲ ಗೆಲ್ಬೇಕು ಅನ್ನಿಸ್ತು, ತಪ್ಪಾ?"

ತಪ್ಪು ಎನ್ನೋಣವೆಂದರೆ ಚೀಟಿ ಮಡಿಸಿದವನು ನಾನೇ. ಮನೆಗೆ ಹೋಗುವ ಮೊದಲು ಕರಿಹಲಗೆಯ ಮೇಲೆ ಅವನ ಹೆಸರನ್ನು ದುಂಡಗೆ ಬರೆದು, ರ ಅಕ್ಷರವನ್ನು ಮಾತ್ರ ಸ್ವಲ್ಪ ಸಣ್ಣದು ಮಾಡಿದೆ.

ಮರುದಿನ ಬೆಳಿಗ್ಗೆ ಜಯದೇವ, "ಬನ್ನಿ ಸಾರ್, ಆ ಎಡಗಡೆದು ಸರಿ ಮಾಡೋಣ" ಎಂದು ನನ್ನನ್ನೇ ಕರೆದ. ನಾವು ಆಡತೊಡಗಿದಾಗ ರಂಗಸ್ವಾಮಿ ಬಂದು, ಬ್ಯಾಟು ತೊಡೆಯ ಮೇಲಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕೂತ. ಅವನ ಮುಖ ಸಣ್ಣಗಾಗಿತ್ತು. ಆ ಮುಖದ ಪರಿಚಯ ನನಗೆ ಚೆನ್ನಾಗಿತ್ತು, ತಿಂಗಳಿಡೀ ಕ್ಷೌರದ ಕನ್ನಡಿಯಲ್ಲಿ ಅದನ್ನೇ ನೋಡಿದ್ದೆ. ಅಷ್ಟರಲ್ಲಿ ಜಯದೇವ ಹಿಂದಿನಿಂದ ಏನೋ ಹೇಳಿದ. ಬೆಂಚಿನವರೆಗೆ ಕೇಳುವ ಹಾಗೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ಹೇಳಿದ್ದು, "ಸಾರ್, ನಿಮ್ಮ ಶೂ ಲೇಸ್ ಬಿಚ್ಚಿದೆ" ಎಂದು.