ನಾಲ್ಕು ಗಂಟೆಯ ರೇಸಿಗೆ ನನ್ನ ಆಫೀಸ್ ಬೈಕು

ಬೈಕ್ ಓಡಿಸುವವರು ಬಿದ್ದ ಕಥೆ ಹೇಳುತ್ತಾರೆ. ನಾನು ಬಿದ್ದದ್ದು ಕಡಿಮೆ, ನಗೆಪಾಟಲಾದದ್ದೇ ಹೆಚ್ಚು. ಅದರಲ್ಲಿ ಮುಕ್ಕಾಲು ಪಾಲು ಆದದ್ದು ಒಂದೇ ಭಾನುವಾರ.

ವಾಟ್ಸಾಪ್ ಆಗಷ್ಟೇ ಎಲ್ಲರ ಫೋನಿಗೆ ಬರುತ್ತಿದ್ದ ಕಾಲ. ಕೆಲಸಕ್ಕೆಂದು ಪರದೇಶಕ್ಕೆ ಬಂದಿದ್ದೆ. ಬೆಡೋಕ್‌ನಿಂದ ಪಾಸಿರ್ ಪಂಜಾಂಗ್‌ನ ಶಿಪ್ಪಿಂಗ್ ಆಫೀಸಿಗೆ ಬಸ್ಸಿನಲ್ಲಿ ಹೋಗಿ ಹೋಗಿ ಸಾಕಾಗಿ ಬೈಕ್ ಕೊಂಡಿದ್ದೆ. ಮೈಸೂರಿನಲ್ಲಿ ಸ್ಕೂಟರ್ ಬಿಟ್ಟು ಬೇರೇನೂ ಮುಟ್ಟದವಳು. ಲೈಸೆನ್ಸ್ ಸಿಕ್ಕಿತ್ತು, ಧೈರ್ಯ ಸಿಕ್ಕಿರಲಿಲ್ಲ. ಅದನ್ನು ಕೊಟ್ಟವರು ಗ್ಯಾರೇಜಿನ ಚೀನೀ ಅಂಕಲ್. ಅರವತ್ತೈದು ದಾಟಿದ್ದ ಅವರಿಗೆ ಒಂದು ಹಳೇ ಆಸೆ ಉಳಿದಿತ್ತು. ಸೇತುವೆ ದಾಟಿದರೆ ಸಿಗುವ ಪಕ್ಕದ ದೇಶದ ಜೊಹೊರ್‌ನಲ್ಲಿ ಅಂಗಡಿಯಲ್ಲಿ ಮಾರುವಂಥ ಮಾಮೂಲಿ ಬೈಕುಗಳಿಗೇ ನಾಲ್ಕು ಗಂಟೆಯ ರೇಸ್ ನಡೆಯುತ್ತಿತ್ತು. ಪ್ರಾಯದಲ್ಲಿ ಮೂರು ಸಲ ಅಂಥ ರೇಸಿಗೆ ಹೋಗಿ, ಮೂರು ಸಲವೂ ಅರ್ಧದಲ್ಲೇ ನಿಂತು ಬಂದಿದ್ದರು.

"ಗೆಲ್ಲೋದು ಬೇಡ. ಒಂದ್ಸಲ ಮುಗಿಸ್ಬೇಕು" ಅಂದರು.

ಸರದಿಯ ಮೇಲೆ ಓಡಿಸಲು ಇಬ್ಬರು ಬೇಕು. ಒಬ್ಬ ನನ್ನ ಆಫೀಸಿನ ಮಲಯ್ ಗೆಳೆಯ. ಇನ್ನೊಬ್ಬರು ಯಾರೂ ಸಿಗದೆ ನಾನು. ಬೈಕೂ ನನ್ನದೇ.

೧. ತುಕ್ಕು

ರೇಸಿಗೆ ಮೊದಲು ತಪಾಸಣೆ. ಬೈಕನ್ನು ಕೊಂಡಾಗ ಹೇಗಿತ್ತೋ ಹಾಗೇ ಇರಬೇಕು, ಏನೂ ಬದಲಿಸಿರಬಾರದು. ತಪಾಸಣೆಯವರು ಬಗ್ಗಿ ನೋಡಿ ಹುಬ್ಬೇರಿಸಿದರು.

"ಹೊಸ ಎಂಜಿನ್ ಮೇಲೆ ಕೆಂಪಗೆ ತುಕ್ಕು ಯಾಕೆ ಹಿಡಿದಿದೆ?"

ಊರಿಂದ ಬಂದಿದ್ದ ಅಮ್ಮ ಬೆಳಿಗ್ಗೆ ಪೂಜೆ ಮಾಡಿ ಕುಂಕುಮ ಹಚ್ಚಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಂಕಲ್ ಗಂಭೀರವಾಗಿ ಹೇಳಿದರು:

"ತುಕ್ಕಲ್ಲ. ಇನ್ಶೂರೆನ್ಸ್."

ತಪಾಸಣೆಯವರು ನಕ್ಕು ಸೈನ್ ಹಾಕಿ ಹೋದರು. ಆಮೇಲೆ ಅಂಕಲ್ ನನ್ನ ಕಿವಿಯ ಹತ್ತಿರ ಬಂದು, "ಅಮ್ಮಂಗೆ ಹೇಳು, ಹಿಂದಿನ ಬ್ರೇಕಿಗೂ ಸ್ವಲ್ಪ ಹಚ್ಲಿ. ಎಂಜಿನ್‌ಗಿಂತ ಅದಕ್ಕೇ ಜಾಸ್ತಿ ಬೇಕು" ಅಂದರು.

೨. ಓಡಿ ಹತ್ತಿದ್ದು

ಅಲ್ಲಿ ಶುರು ಮಾಡುವ ರೀತಿಯೇ ಬೇರೆ. ಬೈಕುಗಳು ರಸ್ತೆಯ ಆ ಬದಿ, ಸವಾರರು ಈ ಬದಿ. ಬಾವುಟ ಬೀಸಿದೊಡನೆ ಓಡಿಹೋಗಿ ಹತ್ತಿ ಹೊರಡಬೇಕು. ನಾನು ಓಡಿದೆ, ಹತ್ತಿದೆ, ಹೊರಟೆ. ಬೈಕು ಗಾಳಿಯ ಹಾಗೆ ಹೋಯಿತು! ಗೇರು ಬೆಣ್ಣೆಯಷ್ಟು ನುಣುಪು. ಅಂಕಲ್ ರಾತ್ರಿಯೆಲ್ಲ ಕೂತು ಎಷ್ಟು ಚೆನ್ನಾಗಿ ರೆಡಿ ಮಾಡಿದ್ದಾರಪ್ಪ ಅಂತ ಕಣ್ಣು ತುಂಬಿ ಬಂತು.

ಮೂರನೇ ತಿರುವಿನಲ್ಲಿ ಕೀ ನೋಡಿದೆ. ಅದರಲ್ಲಿ ಒಂದು ಪುಟ್ಟ ಬೆಕ್ಕಿನ ಗೊಂಬೆ ನೇತಾಡುತ್ತಿತ್ತು. ನನ್ನ ಕೀಗೆ ಬೆಕ್ಕಿಲ್ಲ.

ಪಕ್ಕದ ಟೀಮಿನದೂ ಅದೇ ಮಾಡೆಲ್, ಅದೇ ನೀಲಿ. ಒಂದು ಸುತ್ತು ಮುಗಿಸಿ, ಟೀಮಿನವರು ನಿಲ್ಲುವ ಜಾಗದ ಒಳಗೆ ಬಂದೆ. ನನ್ನ ಬೈಕ್ ಹತ್ತಿಕೊಂಡು ಆ ಟೀಮಿನವನೂ ಬೆನ್ನಿಗೇ ಬಂದ. ಇದಕ್ಕೆ ಏನು ಶಿಕ್ಷೆ ಅಂತ ರೂಲ್ ಪುಸ್ತಕದಲ್ಲಿ ಯಾರೂ ಬರೆದಿರಲಿಲ್ಲ. ಅದಲು ಬದಲು ಮಾಡಿಸಿ ಕಳಿಸಿದರು. ಅಲ್ಲಿಗೆ ಮುಗಿಯುತ್ತಿತ್ತು. ನಾನು ಸುಮ್ಮನಿರದೆ, "ಅಂಕಲ್, ಅವರ ಬೈಕ್ ನಮ್ಮದಕ್ಕಿಂತ ಚೆನ್ನಾಗಿ ಹೋಗುತ್ತೆ" ಅಂದುಬಿಟ್ಟೆ.

ಅಂಕಲ್ ಒಂದು ಗಂಟೆ ನನ್ನ ಜೊತೆ ಮಾತು ಬಿಟ್ಟರು.

೩. ಅಮ್ಮನ ಅಂಕಿ

ರೇಸ್ ಮುಗಿಯಲು ಇನ್ನು ಐವತ್ತು ನಿಮಿಷ. ಟ್ರ್ಯಾಕ್ ಮೇಲೆ ಮಲಯ್ ಗೆಳೆಯ. ಅಂಕಲ್ ಪೆಟ್ರೋಲ್ ಲೆಕ್ಕ ಹಾಕಿ ಕೂಗಿದರು: "ಇನ್ನು ನಾಲ್ಕೇ ಸುತ್ತು, ಆಮೇಲೆ ಒಳಗೆ ಬರ್ಲಿ. ಬೋರ್ಡ್ ತೋರ್ಸು!"

ಮುಂದಿನ ಸರದಿ ನನ್ನದು. ಲೆದರ್ ಸೂಟಿನೊಳಗೆ ಒಂದೇ ಕಾಲು ಹೋಗಿತ್ತು. "ಅಮ್ಮಾ, ಬೋರ್ಡಲ್ಲಿ ನಾಲ್ಕು ಅಂತ ದೊಡ್ಡದಾಗಿ ಬರೆದು ಅವನಿಗೆ ಕಾಣೋ ಹಾಗೆ ಹಿಡೀ!" ಅಂದೆ. ಅಮ್ಮ ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವರು. ದುಂಡಗೆ ಬರೆದು ಹಿಡಿದರು. ಅವನು ಹೆಬ್ಬೆರಳು ತೋರಿಸಿ ಹೋದ.

ನಾಲ್ಕು ಸುತ್ತಾಯಿತು, ಬರಲಿಲ್ಲ. ಐದೂ ಆಯಿತು. ಆರನೆಯದರಲ್ಲಿ ಕಾಣಲೇ ಇಲ್ಲ. ಅಂಕಲ್ ತಲೆ ಮೇಲೆ ಕೈ ಹೊತ್ತು ಕೂತರು. ನಾಲ್ಕನೇ ಸಲವೂ ಅರ್ಧದಲ್ಲೇ ನಿಂತಿತಲ್ಲ ಅಂತ ನನಗೂ ಅಳು ಬಂತು.

ಕಡೆಗೆ ದೂರದಲ್ಲಿ, ಸುಡುಬಿಸಿಲಲ್ಲಿ, ಬೈಕ್ ತಳ್ಳಿಕೊಂಡು ಅವನು ಬಂದ. ಅಂಕಲ್ ಪೆಟ್ರೋಲ್ ಸುರಿದರು, ನಾನು ಹತ್ತಿ ಓಡಿಸಿದೆ. ಎಲ್ಲರಿಗಿಂತ ಕೊನೆಗೆ, ಆದರೂ ಮುಗಿಸಿದೆವು. ಮುಗಿಸಿದವರಿಗೆ ಕೊಡುವ ಕಾಗದವನ್ನು ಅಂಕಲ್ ಎರಡೂ ಕೈಯಲ್ಲಿ ಹಿಡಿದು ನಿಂತರು. ಪರದೇಶದಲ್ಲಿ ನನ್ನನ್ನು ಮನೆಯವಳ ಹಾಗೆ ನೋಡಿಕೊಂಡ ಮನುಷ್ಯನಿಗೆ ಅಷ್ಟಾದರೂ ಮಾಡಿದೆನಲ್ಲ ಅಂತ ಇವತ್ತಿಗೂ ಸಮಾಧಾನ.

ಆಮೇಲೆ ಗೆಳೆಯನನ್ನು ಕೇಳಿದೆ: "ನಾಲ್ಕಕ್ಕೆ ಯಾಕೆ ಬರ್ಲಿಲ್ಲ?"

"ನಾಲ್ಕೆಲ್ಲಿತ್ತು? ಆಂಟಿ ಎಂಟು ಅಂತ ತೋರಿಸಿದ್ರಲ್ಲ!"

ಬೋರ್ಡ್ ತಿರುಗಿಸಿ ನೋಡಿದೆ. ಅಷ್ಟಗಲಕ್ಕೆ, ಮುತ್ತಿನಂಥ ಕನ್ನಡದಲ್ಲಿ: ೪.

ನಡೆದದ್ದನ್ನು ಹೇಳಿದಾಗ ಅಮ್ಮ ಅವನಿಗೆ ಮಜ್ಜಿಗೆ ಬಗ್ಗಿಸಿ ಕೊಟ್ಟು, ತಲೆ ಸವರಿ, ನನ್ನ ಕಡೆ ತಿರುಗಿ ಮರುಗಿದರು: "ಪಾಪ, ಎಷ್ಟು ಒಳ್ಳೇ ಹುಡುಗ. ಇಷ್ಟು ದೊಡ್ಡವನಾದ್ರೂ ಯಾರೂ ಅಂಕಿ ಕಲಿಸಿಲ್ಲ ನೋಡು."

"ಆಂಟಿ ಏನಂದ್ರು?" ಅಂತ ಅವನು ಕೇಳಿದ.

"ಒಳ್ಳೇ ಹುಡುಗ ಅಂದ್ರು" ಅಂದೆ.